ಹಿತ್ತಲಿನ ಅಂಜೂರದ ಮರವೂ ಇನ್ನೊಂದು ವರುಷವೂ

ಓದತಕ್ಕ ವೇದಭಾಗ: ಲೂಕನು ಬರೆದ ಸುವಾರ್ತೆ, ೧೩ನೆಯ ಅಧ್ಯಾಯ, ೧ರಿಂದ ೯ನೆಯ ವಚನದ ವರೆಗೆ.

ನವಲೂರಿನ ಪೇರಲಕ್ಕೆ ಹೆಸರಾದ ನಮ್ಮ ಹುಬ್ಬಳ್ಳಿ-ಧಾರವಾಡ ಸೀಮೆಯ ಹಿತ್ತಲುಗಳಲ್ಲಿ ನುಗ್ಗೆ, ಲಿಂಬೆ, ಕರಿಬೇವುಗಳ ಸಂಗಡ ಅಲ್ಲಲ್ಲಿ ಒಂದು ಅಂಜೂರದ ಗಿಡವೂ ಕಾಣಬರುತ್ತದೆ. ಅದನ್ನು ನೆಟ್ಟವರಲ್ಲಿ ಕೆಲವರು ವರುಷ ವರುಷವೂ ಸಿಹಿಯಾದ ಹಣ್ಣುಗಳನ್ನು ಕೊಯ್ದು ನೆರೆಹೊರೆಯವರಿಗೂ ಹಂಚುತ್ತಾರೆ. ಬೇರೆ ಕೆಲವರಾದರೋ ಅಂಗೈಯಗಲದ ಎಲೆಗಳನ್ನಲ್ಲದೆ ಮತ್ತೇನನ್ನೂ ಕಾಣದೆ ಬೇಸತ್ತು, "ಇದು ಗೊಡ್ಡು ಮರ, ಇದನ್ನು ಕಡಿದು ಈ ಸ್ಥಳದಲ್ಲಿ ಒಂದು ತೆಂಗಿನ ಸಸಿಯನ್ನಾದರೂ ಇಡೋಣ" ಎಂದು ಮಾತಾಡಿಕೊಳ್ಳುತ್ತಾರೆ. ಕರ್ತನಾದ ಯೇಸು ಹೇಳಿದ ಸಾಮ್ಯದಲ್ಲಿಯೂ ತೋಟದ ಯಜಮಾನನು ಇಂಥ ಮಾತನ್ನೇ ಆಡಿದನು. ಆದಕಾರಣ ಈ ತಿಂಗಳಿನ ಪಾಠದಲ್ಲಿ ಎರಡು ಸಂಗತಿಗಳನ್ನು ಕೂಡಿಸಿ ವಿಚಾರಿಸುವೆವು. ಅವು ಯಾವವೆಂದರೆ, ಫಲಕೊಡದ ಅಂಜೂರದ ಮರಕ್ಕೆ ನಿಜವಾಗಿ ಏನು ಮಾಡಬೇಕು ಎಂಬದು ಒಂದು. ಫಲಕೊಡದವನೆಂದು ನಾವು ಎಣಿಸುವ ಮನುಷ್ಯನಿಗೆ ಏನು ಮಾಡಬೇಕು ಎಂಬದು ಇನ್ನೊಂದು.

೧. ಮರದ ಗುಣ

ಅಂಜೂರವು ನಮ್ಮ ನಾಡಿನಲ್ಲಿ ತಾನಾಗಿ ಹುಟ್ಟಿದ ಗಿಡವಲ್ಲ. ಅದು ಪಶ್ಚಿಮ ಏಷ್ಯದಿಂದ ಬಂದದ್ದು. ಅದರ ಹೆಸರು ಸಹ ಪಾರಸಿ ಭಾಷೆಯದು. ಆದರೂ ಅದು ಇಲ್ಲಿ ಚೆನ್ನಾಗಿ ನೆಲೆಗೊಂಡಿದೆ. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನ ಅಂಜೂರವೂ ಬಳ್ಳಾರಿ ಸೀಮೆಯ ಅಂಜೂರವೂ ಕನ್ನಡ ನಾಡಿನಲ್ಲಿ ಹೆಸರಾದವುಗಳು. ಪುಣೆಯ ಹತ್ತಿರದ ಪುರಂದರ ತಾಲೂಕಿನಲ್ಲಿಯೂ ಅದನ್ನು ವಿಶೇಷವಾಗಿ ಬೆಳೆಯುತ್ತಾರೆ.

ನಮ್ಮ ಹಳ್ಳಕೊಳ್ಳಗಳ ದಂಡೆಯಲ್ಲಿ ಬೆಳೆಯುವ ಅತ್ತಿಯು ಅಂಜೂರದ ದಾಯಾದಿ. ಜಕ್ಕಾಯನು ಯೇಸುವನ್ನು ನೋಡುವದಕ್ಕೆ ಹತ್ತಿದ ಮರವೂ, ಪ್ರವಾದಿಯಾದ ಆಮೋಸನು ನೋಡಿಕೊಳ್ಳುತ್ತಿದ್ದ ಮರಗಳೂ ಈ ಅತ್ತಿಗೆ ಹತ್ತಿರದ ಸಂಬಂಧವುಳ್ಳವುಗಳು. ನತಾನಯೇಲನು ಕೂತಿದ್ದ ಮರವೂ ನಮ್ಮ ಪಾಠದ ಮರವೂ ಅಂಜೂರದವು.

ಅತ್ತಿಯ ಹೂವನ್ನು ಕಂಡವರಿಲ್ಲವೆಂದು ಜನರು ಹೇಳುವದುಂಟು. ಅತ್ತಿಗೂ ಅಂಜೂರಕ್ಕೂ ಹೂವು ಇಲ್ಲವೆಂದಲ್ಲ. ನಾವು ಕಾಯಿ ಎಂದು ಕರೆಯುವದರ ಒಳಗೆಯೇ ನೂರಾರು ಸಣ್ಣ ಹೂವುಗಳು ಅಡಗಿಕೊಂಡಿರುತ್ತವೆ. ಅತ್ತಿಯ ಹಣ್ಣನ್ನು ಬಿಚ್ಚಿದಾಗ ಹುಳಗಳು ಕಾಣುವದೂ ಇದರಿಂದಲೇ. ಅವು ಕಾಯಿಯ ತುದಿಯಲ್ಲಿರುವ ಸಣ್ಣ ಕಣ್ಣಿನಿಂದ ಒಳಗೆ ಹೊಕ್ಕು ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವ ಕಣಜದ ಜಾತಿಯ ಕೀಟಗಳು ಮತ್ತು ಅವುಗಳ ಮರಿಗಳು.

ಅಂಜೂರದಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಒಂದು ಬಗೆಯು ಈ ಕೀಟದ ಸಹಾಯವಿಲ್ಲದೆಯೇ ಹಣ್ಣನ್ನು ಕೊಡುತ್ತದೆ. ಪುಣೆ ಮತ್ತು ಬಳ್ಳಾರಿಯ ತಳಿಗಳು ಇಂಥವುಗಳೇ. ಇನ್ನೊಂದು ಬಗೆಯ ಕಾಯಿಗಳು ಕೀಟವು ಬಾರದಿದ್ದರೆ ಬಾಡಿ ಉದುರಿಹೋಗುತ್ತವೆ. ಪ್ರಕಟನೆಯ ಪುಸ್ತಕದಲ್ಲಿ ಹೆಸರು ಬಂದಿರುವ ಸ್ಮುರ್ನ ಪಟ್ಟಣದ ಸೀಮೆಯ ಅಂಜೂರವು ಈ ಎರಡನೆಯ ಬಗೆಗೆ ಸೇರಿದ್ದು. ೧೮೮೦ರ ಸುಮಾರಿಗೆ ಅಮೇರಿಕ ದೇಶದ ಕ್ಯಾಲಿಫೋರ್ನಿಯದವರು ಆ ಗಿಡಗಳನ್ನು ತರಿಸಿ ನೆಟ್ಟರು. ಮರಗಳು ಸೊಂಪಾಗಿ ಬೆಳೆದರೂ ಕಾಯಿಗಳು ಮಾಗದೆ ಉದುರಿದವು. ಕಡೆಗೆ ೧೮೯೯ರಲ್ಲಿ ಆ ಕೀಟವು ಅಲ್ಲಿ ನೆಲೆಗೊಂಡ ಮೇಲೆಯೇ ಹಣ್ಣು ಬಂತು. ಅಷ್ಟು ವರುಷವೂ ದೋಷವು ಮರದಲ್ಲಿ ಇರಲಿಲ್ಲ. ಅದಕ್ಕೆ ಬೇಕಾದ ಸಂಗಾತಿಯು ಇರಲಿಲ್ಲ. ಈ ಮಾತನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಲಿ.

೨. ಮರವು ಫಲಿಸದೆ ಇರುವ ಕಾರಣಗಳು

ಮೊದಲನೆಯದಾಗಿ ಗಿಡದ ಹುಟ್ಟನ್ನು ವಿಚಾರಿಸಬೇಕು. ಅಂಗಡಿಯಲ್ಲಿ ಕೊಂಡ ಒಣ ಅಂಜೂರದ ಬೀಜದಿಂದ ಎಬ್ಬಿಸಿದ ಸಸಿಯು ತಾಯಿಮರದ ಹಾಗೆ ಫಲಿಸುವದೆಂಬ ನಂಬಿಕೆಯಿಲ್ಲ. ಅಂಥ ಸಸಿಗಳಲ್ಲಿ ಅನೇಕವು ತಿನ್ನತಕ್ಕ ಹಣ್ಣನ್ನು ಎಂದಿಗೂ ಕೊಡುವದಿಲ್ಲ. ಒಳ್ಳೇ ಹಣ್ಣು ಕೊಡುವ ಮರದ ಬಲಿತ ಕೊಂಬೆಯಿಂದ ಗೇಣುದ್ದದ ತುಂಡನ್ನು ಕತ್ತರಿಸಿ ನೆಟ್ಟು ಬೇರುಬರಿಸುವದೇ ಸರಿಯಾದ ಕ್ರಮ.

ಎರಡನೆಯದಾಗಿ ಗಿಡದ ಪ್ರಾಯವನ್ನು ನೋಡಬೇಕು. ತುಂಡಿನಿಂದ ಬೆಳೆಸಿದ ಗಿಡವು ಎರಡು ಮೂರು ವರುಷಗಳಲ್ಲಿ ಕಾಯಿ ತೋರಿಸಲಾರಂಭಿಸುತ್ತದೆ. ತುಂಬ ಫಸಲನ್ನು ಕೊಡುವದಕ್ಕೆ ಇನ್ನೂ ಕೆಲವು ವರುಷಗಳು ಬೇಕು. ಯಾಜಕಕಾಂಡದ ೧೯ನೆಯ ಅಧ್ಯಾಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ನಿಯಮದ ಪ್ರಕಾರ, ಹೊಸದಾಗಿ ನೆಟ್ಟ ಹಣ್ಣಿನ ಮರದ ಫಲವನ್ನು ಮೂರು ವರುಷ ತಿನ್ನಕೂಡದಾಗಿತ್ತು. ಎಳೆಯ ಗಿಡವನ್ನು ಆತುರದಿಂದ ಪೀಡಿಸುವವರಿಗೆ ಇದು ಒಳ್ಳೇ ಪಾಠ.

ಮೂರನೆಯ ಕಾರಣವು ನೆರಳು. ಅಂಜೂರಕ್ಕೆ ದಿನದ ಹೆಚ್ಚು ಪಾಲು ಬಿಸಿಲು ಬೇಕು. ಎತ್ತರವಾದ ಗೋಡೆಯ ಮರೆಯಲ್ಲಾಗಲಿ ದೊಡ್ಡ ಮಾವಿನ ಮರದ ಕೆಳಗಾಗಲಿ ನೆಟ್ಟ ಗಿಡವು ಬೆಳಕನ್ನು ಹುಡುಕುತ್ತಾ ಉದ್ದಕ್ಕೆ ಬೆಳೆಯುವದೇ ಹೊರತು ಕಾಯಿ ಕಟ್ಟುವದಿಲ್ಲ.

ನಾಲ್ಕನೆಯ ಕಾರಣವು ನಮ್ಮ ಮನೆಗಳಲ್ಲಿ ಬಹಳವಾಗಿ ಕಾಣುವಂಥದು. ಅದೇನಂದರೆ, ಗಿಡವನ್ನು ಬಚ್ಚಲ ನೀರು ಹರಿಯುವ ಕಡೆಗೆ ನೆಡುವದು. ಅಲ್ಲಿ ವರುಷದ ಎಲ್ಲಾ ದಿನವೂ ನೀರುಂಟು. ತಿಪ್ಪೆಯೂ ಹತ್ತಿರವಿದ್ದರೆ ಗೊಬ್ಬರಕ್ಕೂ ಕೊರತೆಯಿಲ್ಲ. ಗಿಡವು ಕೊಬ್ಬಿ ಎಲೆಯ ಮೇಲೆ ಎಲೆಯನ್ನು ಬಿಡುತ್ತದೆ. ನೋಡುವವರು, "ಇಷ್ಟು ಚೆನ್ನಾಗಿ ಬೆಳೆದಿದೆ, ಹಣ್ಣು ಮಾತ್ರ ಇಲ್ಲ" ಎಂದು ಆಶ್ಚರ್ಯಪಡುತ್ತಾರೆ. ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಎಡೆಬಿಡದೆ ಉಂಡು ಕುಡಿಯುವ ಗಿಡವು ಎಲೆ ಕೊಂಬೆಗಳಿಗೇ ತನ್ನ ಬಲವನ್ನು ವೆಚ್ಚಮಾಡುತ್ತದೆ; ಕೆಲವು ವಾರ ನೀರಿಲ್ಲದೆ ವಿಶ್ರಮಿಸಿದ ಗಿಡವೇ ಮುಂದೆ ಚಿಗುರುವಾಗ ಕಾಯಿಗಳನ್ನು ಕಟ್ಟುತ್ತದೆ.

ಐದನೆಯದಾಗಿ, ಕಾಯಿ ಬಂದ ಮೇಲೆ ಉದುರುವದುಂಟು. ಒಂದು ವಾರ ನೀರಿಲ್ಲದೆ ಒಣಗಿಸಿ ಮುಂದಿನ ವಾರ ಕೊಡಗಟ್ಟಲೆ ಸುರಿದರೆ ಕಾಯಿಗಳು ಉದುರುತ್ತವೆ, ಇಲ್ಲವೆ ಹಣ್ಣುಗಳು ಸೀಳುತ್ತವೆ. ಇದಲ್ಲದೆ ಮಳೆಗಾಲದ ತಂಪಿನಲ್ಲಿ ಎಲೆಗಳ ಅಡಿಯಲ್ಲಿ ಕಂದುಬಣ್ಣದ ತುಕ್ಕುರೋಗವು ಹತ್ತಿ ಎಲೆಗಳೆಲ್ಲಾ ಕಾಲಕ್ಕೆ ಮುಂಚೆ ಬಿದ್ದುಹೋಗುತ್ತವೆ. ಕಾಂಡವನ್ನು ಕೊರೆಯುವ ಹುಳವೂ ಈ ಮರಕ್ಕೆ ದೊಡ್ಡ ಶತ್ರು.

೩. ಒಂದು ವರುಷದ ಕೆಲಸ

ಕಾರಣಗಳನ್ನು ತಿಳಿದವನು ಕೊಡಲಿಯನ್ನು ಕೆಳಗಿಟ್ಟು ಗುದ್ದಲಿಯನ್ನು ಹಿಡಿಯಲಿ. ನಮ್ಮ ಸೀಮೆಯಲ್ಲಿ ಮಳೆಗಾಲದ ಹಣ್ಣು ನೀರುನೀರಾಗಿ ಹುಳಿಯಾಗಿರುತ್ತದೆ; ಬೇಸಿಗೆಯ ಹಣ್ಣೇ ರುಚಿಯಾದದ್ದು. ಆದಕಾರಣ ಬೇಸಿಗೆಯ ಫಸಲಿಗಾಗಿ ಕೆಲಸಮಾಡಬೇಕು.

ಜೂನಿನಿಂದ ಆಗಸ್ಟಿನ ವರೆಗೆ ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆ ತೆಗೆಯಬೇಕು. ಹುಬ್ಬಳ್ಳಿಯ ಕಡೆಯ ಎರೆನೆಲದಲ್ಲಿ ಇದು ಅತ್ಯವಶ್ಯ. ಧಾರವಾಡದ ಕಡೆಯ ಕೆಮ್ಮಣ್ಣಿನಲ್ಲಿ ನೀರು ಬೇಗನೆ ಇಳಿದುಹೋಗುವದರಿಂದ ಅಷ್ಟು ಕಷ್ಟವಿಲ್ಲ. ತುಕ್ಕು ಕಂಡರೆ ಬಿದ್ದ ಎಲೆಗಳನ್ನು ಕೂಡಿಸಿ ಸುಡಬೇಕು. ಮತ್ತು ೧೦೦ ಗ್ರಾಂ ಮೈಲುತುತ್ತವನ್ನೂ ೧೦೦ ಗ್ರಾಂ ಸುಣ್ಣವನ್ನೂ ಬೇರೆ ಬೇರೆಯಾಗಿ ಐದೈದು ಲೀಟರು ನೀರಿನಲ್ಲಿ ಕರಗಿಸಿ, ಎರಡನ್ನೂ ಕೂಡಿಸಿ, ಸೋಸಿ ಎಲೆಗಳ ಮೇಲೂ ಕೆಳಗೂ ಸಿಂಪಡಿಸಬೇಕು. ಇದಕ್ಕೆ ಮಣ್ಣಿನ ಇಲ್ಲವೆ ಪ್ಲಾಸ್ಟಿಕ್ ಪಾತ್ರೆಯನ್ನು ಉಪಯೋಗಿಸಬೇಕು, ಕಬ್ಬಿಣದ್ದು ಕೂಡದು. ಹಣ್ಣು ಮಾಗುವ ಕಾಲದಲ್ಲಿ ಸಿಂಪಡಿಸಬಾರದು. ಕಾಂಡದಲ್ಲಿ ತೂತೂ ಅದರ ಕೆಳಗೆ ಮರದ ಹುಡಿಯೂ ಕಂಡರೆ, ತಂತಿಯನ್ನು ತೂರಿಸಿ ಹುಳವನ್ನು ಕೊಂದು, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನಿಟ್ಟು ಮೇಲೆ ಮಣ್ಣು ಮೆತ್ತಬೇಕು.

ಪುಣೆಯ ಕಡೆಯ ಬೆಳೆಗಾರರು ಜುಲೈ ತಿಂಗಳಲ್ಲಿ ಇನ್ನೊಂದು ಉಪಾಯವನ್ನು ಮಾಡುವದುಂಟು. ಸುಮಾರು ಎಂಟು ತಿಂಗಳ ಕೊಂಬೆಯಲ್ಲಿ ನಿದ್ರಿಸುತ್ತಿರುವ ಮೊಗ್ಗಿನ ಮೇಲ್ಗಡೆ ತೊಗಟೆಯನ್ನು ಒಂದು ಅಂಗುಲದಷ್ಟು ಓರೆಯಾಗಿ ಕೆತ್ತುತ್ತಾರೆ. ಆ ಸಣ್ಣ ಗಾಯದಿಂದ ಮೊಗ್ಗು ಎಚ್ಚತ್ತು ಪಕ್ಕದ ಕೊಂಬೆಯಾಗಿ ಫಲವನ್ನು ಕೊಡುತ್ತದೆ.

ಸೆಪ್ಟೆಂಬರು ಕೊನೆ ಇಲ್ಲವೆ ಅಕ್ಟೋಬರಿನಲ್ಲಿ ಮಳೆ ಹಿಂದೆಗೆದ ಮೇಲೆ ಮುಖ್ಯವಾದ ಕೆಲಸವು ಬರುತ್ತದೆ. ಬಚ್ಚಲ ನೀರನ್ನು ಬೇರೆ ಕಡೆಗೆ ತಿರುಗಿಸಿ, ಮರಕ್ಕೆ ಮೂರು ನಾಲ್ಕು ವಾರ ನೀರು ಕೊಡಬಾರದು. ತೇವವನ್ನು ಹಿಡಿದಿಡುವ ಎರೆನೆಲದಲ್ಲಿ ಇನ್ನೂ ಕೆಲವು ದಿನ ಹೆಚ್ಚು ಬೇಕಾದೀತು. ಎಲೆಗಳು ಹಳದಿಯಾಗಿ ಉದುರುವವು, ಅದಕ್ಕೆ ಭಯಪಡಬಾರದು. ಆ ಮೇಲೆ ಒಣಗಿದ, ಒಂದಕ್ಕೊಂದು ಒರಸುವ, ಒಳಗೆ ಒತ್ತಾಗಿ ಬೆಳೆದ ಕೊಂಬೆಗಳನ್ನು ತೆಗೆದು, ಉಳಿದವುಗಳ ತುದಿಗಳನ್ನು ಕತ್ತರಿಸಬೇಕು. ಯಾಕಂದರೆ ಬೇಸಿಗೆಯ ಹಣ್ಣು ವಿಶೇಷವಾಗಿ ಹೊಸ ಚಿಗುರಿನಲ್ಲಿ ಬರುತ್ತದೆ. ಕತ್ತರಿಸುವಾಗ ಬರುವ ಬಿಳೀ ಹಾಲು ಚರ್ಮವನ್ನು ಸುಡುವದರಿಂದ ಕಣ್ಣಿಗೆ ಬೀಳದಂತೆ ಜಾಗ್ರತೆಯಾಗಿದ್ದು ಕೈಗಳನ್ನು ತೊಳೆದುಕೊಳ್ಳಬೇಕು.

ಬಳಿಕ ಬುಡದಿಂದ ಎರಡು ಮೂರು ಅಡಿ ದೂರದಲ್ಲಿ ಸುತ್ತಲೂ ಮೆಲ್ಲಗೆ ಅಗೆಯಬೇಕು. ಅಂಜೂರದ ಬೇರುಗಳು ನೆಲದ ಮೇಲ್ಭಾಗದಲ್ಲೇ ಹರಡುವದರಿಂದ ಗುದ್ದಲಿಯನ್ನು ಆಳವಾಗಿ ಹೊಡೆಯಬಾರದು. ನಾಲ್ಕಾರು ದಿನ ಮಣ್ಣಿಗೆ ಬಿಸಿಲು ಬಿದ್ದ ಮೇಲೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಎರಡು ಮೂರು ಬುಟ್ಟಿ ಹಾಕಿ, ಸ್ವಲ್ಪ ಬೂದಿಯನ್ನೂ ಕೂಡಿಸಿ, ಮಣ್ಣು ಮುಚ್ಚಿ ಧಾರಾಳವಾಗಿ ನೀರು ಹೊಯ್ಯಬೇಕು. ಹಸೀ ಸಗಣಿಯು ಬೇಡ. ಮತ್ತೆ ಮತ್ತೆ ಗೊಬ್ಬರ ಹಾಕುವದೂ ಬೇಡ. ಕಾಯಿ ಕಂಡಂದಿನಿಂದ ಮಾಗುವ ತನಕ ಸುಮಾರು ನಾಲ್ಕು ತಿಂಗಳು ಬೇಕು. ಆ ಕಾಲವೆಲ್ಲಾ ಎಂಟು ಹತ್ತು ದಿನಗಳಿಗೊಮ್ಮೆ, ಬಿಸಿಲು ಹೆಚ್ಚಿದಾಗ ಇನ್ನೂ ಬೇಗನೆ, ಕ್ರಮ ತಪ್ಪದೆ ನೀರು ಕೊಡಬೇಕು. ಫೆಬ್ರವರಿಯಿಂದ ಮೇ ತಿಂಗಳ ಒಳಗೆ ಹಣ್ಣು ದೊರೆಯುವದು. ಹಕ್ಕಿಗಳು ತಿನ್ನದಂತೆ ಬಲೆ ಮುಚ್ಚಿ, ಹಣ್ಣು ಮೆತ್ತಗಾಗಿ ಕತ್ತು ಬಗ್ಗಿದ ಮೇಲೆಯೇ ಕೊಯ್ಯಬೇಕು. ಕಾಯಾಗಿ ಕಿತ್ತರೆ ಅದು ಮನೆಯಲ್ಲಿ ಸರಿಯಾಗಿ ಮಾಗುವದಿಲ್ಲ. ತಳಿಯ ವಿಷಯದಲ್ಲಿ ಸಂದೇಹವಿದ್ದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಾಗಲಿ ತೋಟಗಾರಿಕೆಯ ಇಲಾಖೆಯಲ್ಲಾಗಲಿ ಕೇಳಿ ತಿಳಿದುಕೊಳ್ಳಬಹುದು.

೪. ತೋಟಗಾರನ ಬಿನ್ನಹ

ಈಗ ವೇದಭಾಗಕ್ಕೆ ಬರೋಣ. ಸಾಮ್ಯಕ್ಕೆ ಮುಂಚೆ ಏನು ನಡೆಯಿತೆಂಬದನ್ನು ಮರೆಯಬಾರದು. ಪಿಲಾತನ ಕೈಯಿಂದ ಸತ್ತ ಗಲಿಲಾಯದವರ ಸುದ್ದಿಯನ್ನು ಕೆಲವರು ಯೇಸುವಿಗೆ ತಂದರು. ಸಿಲೋವದ ಗೋಪುರವು ಬಿದ್ದು ಹದಿನೆಂಟು ಮಂದಿ ಸತ್ತದ್ದನ್ನು ಆತನೇ ಎತ್ತಿ ಹೇಳಿ, ಅವರು ಮಿಕ್ಕವರಿಗಿಂತ ಹೆಚ್ಚು ಪಾಪಿಷ್ಠರಲ್ಲವೆಂದೂ ಕೇಳುವವರೆಲ್ಲರೂ ತಿರುಗಿಕೊಳ್ಳಬೇಕೆಂದೂ ತಿಳಿಸಿದನು. ಆ ಮಾತಿನ ಹಿಂದೆಯೇ ಈ ಸಾಮ್ಯವು ಬರುತ್ತದೆ. ಹೀಗಿರಲಾಗಿ, ಇನ್ನೊಬ್ಬನ ಮರವನ್ನು ಅಳೆಯುವದಕ್ಕೆ ಇದು ಕೊಟ್ಟದ್ದಲ್ಲ. ಮೊದಲು ನಮ್ಮನ್ನು ನಾವೇ ನೋಡಿಕೊಳ್ಳುವದಕ್ಕೆ ಕೊಟ್ಟದ್ದು.

ಯಜಮಾನನ ಮಾತು ಅನ್ಯಾಯವಾದದ್ದಲ್ಲ. ಅವನು ಮೂರು ವರುಷ ಬಂದು ಹುಡುಕಿದನು. ಭೂಮಿಯು ಅವನದು, ಮರವೂ ಅವನದು. ಫಲವಿಲ್ಲದ ಮರವು ನೆಲದ ಸಾರವನ್ನು ವ್ಯರ್ಥವಾಗಿ ಹೀರುತ್ತದೆ. ತೋಟಗಾರನೂ ಇದಕ್ಕೆ ಎದುರುಮಾತಾಡುವದಿಲ್ಲ. ಮರವು ಚೆನ್ನಾಗಿದೆ ಎಂದು ಸುಳ್ಳು ಹೇಳುವದಿಲ್ಲ. ಈ ವರುಷವೂ ಬಿಡು ಎಂದು ಬೇಡಿಕೊಳ್ಳುತ್ತಾನೆ. ಮೂಲ ಗ್ರೀಕು ಭಾಷೆಯಲ್ಲಿ ಇಲ್ಲಿ ಬಿಡು ಎಂಬದಕ್ಕಿರುವ ಶಬ್ದವೇ, ಅದೇ ಸುವಾರ್ತೆಯ ೧೧ನೆಯ ಅಧ್ಯಾಯದಲ್ಲಿ ಕರ್ತನು ಕಲಿಸಿದ ಪ್ರಾರ್ಥನೆಯೊಳಗೆ ನಮ್ಮ ಪಾಪಗಳನ್ನು ಕ್ಷಮಿಸು ಎಂಬದಕ್ಕೂ ಇದೆ. ಬಿಡುವದೂ ಕ್ಷಮಿಸುವದೂ ಅಲ್ಲಿ ಒಂದೇ ಮಾತು.

ಆದರೆ ತೋಟಗಾರನ ಬಿನ್ನಹವು ಬಿಡು ಎಂಬಲ್ಲಿಗೆ ಮುಗಿಯಲಿಲ್ಲ. ಸುತ್ತಲೂ ಅಗೆದು ಗೊಬ್ಬರ ಹಾಕುವದಾಗಿ ಅವನು ಮಾತುಕೊಟ್ಟನು. ಇದೇ ಈ ಪಾಠದ ತಿರುಳು. ಸುಮ್ಮನೆ ಕಾದುಕೊಂಡಿರುವದು ತಾಳ್ಮೆಯಲ್ಲ. ಅದು ಅನೇಕ ವೇಳೆ ಸೋಮಾರಿತನವೇ. ಬೇರೊಬ್ಬನಿಗಾಗಿ ಒಂದು ವರುಷವನ್ನು ಬೇಡುವವನು ಆ ವರುಷದಲ್ಲಿ ತಾನೇ ಬೆವರು ಸುರಿಸಲು ಸಿದ್ಧನಾಗಿರಬೇಕು. ಮತ್ತು ಆ ವರುಷಕ್ಕೆ ಒಂದು ಕೊನೆಯೂ ಉಂಟೆಂದು ತೋಟಗಾರನು ಒಪ್ಪಿಕೊಂಡನು. ದೇವರ ತಾಳ್ಮೆಯನ್ನು ಉದಾಸೀನಮಾಡುವವನಿಗೆ ಇದು ಭಯಂಕರವಾದ ಎಚ್ಚರಿಕೆ. ಮರುವರುಷ ಮರವು ಫಲಿಸಿತೋ ಇಲ್ಲವೋ ಎಂಬದನ್ನು ಕರ್ತನು ಹೇಳಲಿಲ್ಲ. ಆ ಉತ್ತರವನ್ನು ಕೇಳುವವರೇ ತಮ್ಮ ಜೀವಿತದಿಂದ ಕೊಡಬೇಕು.

೫. ನಮ್ಮ ಸಭೆಗಳಿಗೆ ಅನ್ವಯ

ವರುಷದ ಕೊನೆಯಲ್ಲಿ ಸಭೆಯ ಹಿರಿಯರು ಕೂತು ಹೆಸರುಗಳ ಪಟ್ಟಿಯನ್ನು ತಿರುವಿಹಾಕುವಾಗ, "ಇವನು ಬರುವದೇ ಇಲ್ಲ, ಇವರ ಮನೆಯಿಂದ ಏನೂ ಆಗಲಿಲ್ಲ, ಹೆಸರನ್ನು ತೆಗೆದುಬಿಡೋಣ" ಎಂಬ ಮಾತು ಹುಟ್ಟುವದುಂಟು. ಮನೆಗಳಲ್ಲಿಯೂ ತಂದೆತಾಯಿಗಳು ಒಬ್ಬ ಮಗನ ವಿಷಯದಲ್ಲಿ ಆಶೆಯನ್ನು ಬಿಡುವದುಂಟು. ಅಂಥ ಸಮಯದಲ್ಲಿ ಮರದ ವಿಷಯದಲ್ಲಿ ಕೇಳಿದ ಪ್ರಶ್ನೆಗಳನ್ನೇ ಮನುಷ್ಯನ ವಿಷಯದಲ್ಲಿಯೂ ಕೇಳಬೇಕು. ಅವನು ಇನ್ನೂ ಎಳೆಯವನೋ? ದೊಡ್ಡವರ ನೆರಳಿನಲ್ಲಿ ಬೆಳಕಿಲ್ಲದೆ ನಿಂತಿದ್ದಾನೋ? ಹಾಡು ನಡಿಸುವದೂ ಲೆಕ್ಕ ಬರೆಯುವದೂ ಮಕ್ಕಳಿಗೆ ಕಲಿಸುವದೂ ಯಾವಾಗಲೂ ಅದೇ ಇಬ್ಬರು ಮೂವರ ಕೈಯಲ್ಲಿದ್ದರೆ ಯೌವನಸ್ಥರು ಎಲ್ಲಿ ಫಲಿಸಬೇಕು? ಬಚ್ಚಲ ಬಳಿಯ ಮರದಂತೆ ಪ್ರಸಂಗದ ಮೇಲೆ ಪ್ರಸಂಗವನ್ನು ಕೇಳಿ ಎಲೆಯನ್ನು ಮಾತ್ರ ಬಿಡುವವನೋ? ಹಾಗಾದರೆ ಅವನಿಗೆ ಬೇಕಾದದ್ದು ಇನ್ನೊಂದು ಪ್ರಸಂಗವಲ್ಲ, ಮಾಡತಕ್ಕ ಒಂದು ಕೆಲಸ. ಒಂದು ತಿಂಗಳು ಪ್ರೀತಿಯನ್ನು ಸುರಿದು ಆರು ತಿಂಗಳು ನಾವೇ ಅವನ ಮನೆಯ ಬಾಗಿಲನ್ನು ಮರೆತೆವೋ? ಇಲ್ಲವೆ ಸ್ಮುರ್ನದ ಮರದ ಹಾಗೆ, ಅವನಿಗೆ ಒಬ್ಬ ಸಂಗಾತಿಯೂ ಸಿಕ್ಕಲಿಲ್ಲವೋ?

ನಮ್ಮ ಸೀಮೆಯ ಸಭೆಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ಕೆಲಸವನ್ನು ಆರಂಭಿಸಿದರು. ೧೮೪೧ರಲ್ಲಿ ಗದಗ-ಬೆಟಗೇರಿಯ ಬಳಿಯ ಮಲ್ಲಸಮುದ್ರದಲ್ಲಿ, ಸತ್ಯವನ್ನು ವಿಚಾರಿಸುವವರು ಬೇಸಾಯಮಾಡಿಕೊಂಡು ಬದುಕಲೆಂದು ಒಂದು ವಸತಿಯನ್ನು ಏರ್ಪಡಿಸಿದರು. ನಿರೀಕ್ಷಿಸಿದ ಫಲವು ಬರಲಿಲ್ಲ. ಕೆಲವು ವರುಷಗಳಲ್ಲಿ ಅದನ್ನು ಬಿಡಬೇಕಾಯಿತು. ಆದರೂ ಅವರು ಗುದ್ದಲಿಯನ್ನು ಕೆಳಗಿಡಲಿಲ್ಲ. ಸಮೀಪದ ಬೆಟಗೇರಿಯಲ್ಲಿಯೇ ಸಭೆಯು ಬೇರೂರಿತು, ಮುಂದೆ ಆಸ್ಪತ್ರೆಯೂ ಎದ್ದಿತು. ಫರ್ಡಿನಾಂಡ್ ಕಿಟ್ಟಲ್ ಎಂಬವರು ೧೮೫೩ರಲ್ಲಿ ಪ್ರಾಯಸ್ಥರಾಗಿ ಈ ದೇಶಕ್ಕೆ ಬಂದು, ಧಾರವಾಡ ಹುಬ್ಬಳ್ಳಿಗಳಲ್ಲಿಯೂ ಇದ್ದು ಕನ್ನಡವನ್ನು ಕಲಿತರು. ಅವರ ಬಹುಕಾಲದ ದುಡಿತವು ವರುಷದ ಕೊನೆಯ ಲೆಕ್ಕದಲ್ಲಿ ತೋರಿಸತಕ್ಕ ಫಲವಾಗಿರಲಿಲ್ಲ. ಅವರು ಬಂದ ೪೧ ವರುಷಗಳ ಮೇಲೆ, ೧೮೯೪ರಲ್ಲಿ, ಸುಮಾರು ೭೦,೦೦೦ ಶಬ್ದಗಳುಳ್ಳ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಇಂದಿಗೂ ಕನ್ನಡಿಗರೆಲ್ಲರೂ ಆ ಮರದ ಹಣ್ಣನ್ನು ತಿನ್ನುತ್ತಾರೆ.

ಪ್ರಿಯರೇ, ನಮ್ಮಲ್ಲಿ ಪ್ರತಿಯೊಬ್ಬನೂ ಯಾರೋ ಒಬ್ಬರ ಬಿನ್ನಹದಿಂದ ಈ ವರುಷ ಉಳಿದಿರುವ ಮರವೇ. ನಮಗಾಗಿ ಬೇಡುವ ತೋಟಗಾರನು ಯಾರೆಂದು ನಾವು ಬಲ್ಲೆವು. ಆತನು ಅಗೆಯುವಾಗ ಬೇರಿಗೆ ನೋವಾದೀತು, ಕತ್ತರಿಸುವಾಗ ಹಾಲು ಸುರಿದೀತು, ನೀರನ್ನು ತಡೆದಾಗ ಎಲೆಗಳು ಉದುರಿಯಾವು. ಅದೆಲ್ಲವೂ ಕಡಿಯುವದಕ್ಕಲ್ಲ, ಫಲಕ್ಕಾಗಿಯೇ. ಆತನ ಕೈಯಿಂದ ಕೃಪೆಯನ್ನು ಹೊಂದಿದ ನಾವು, ನಮ್ಮ ಊರಿನಲ್ಲಿ ಕಡಿಯತಕ್ಕವನೆಂದು ಎಣಿಸಲ್ಪಟ್ಟ ಒಬ್ಬನಿಗಾಗಿ ಈ ವರುಷ ಗುದ್ದಲಿಯನ್ನು ಹಿಡಿಯೋಣ.

ಮನೆಯ ಪ್ರಾರ್ಥನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಸಿಲೋವದ ಗೋಪುರದ ಸುದ್ದಿಗೂ ಅಂಜೂರದ ಸಾಮ್ಯಕ್ಕೂ ಇರುವ ಸಂಬಂಧವೇನು?
೨. ಯಜಮಾನನು ಹೇಳಿದ್ದರಲ್ಲಿ ನ್ಯಾಯವಾದದ್ದು ಯಾವದು? ತೋಟಗಾರನು ಅದಕ್ಕೆ ಏನನ್ನು ಕೂಡಿಸಿದನು?
೩. ಸುಮ್ಮನೆ ಕಾಯುವದಕ್ಕೂ ತಾಳ್ಮೆಗೂ ಇರುವ ಭೇದವನ್ನು ನಿಮ್ಮ ಹೊಲದ ಇಲ್ಲವೆ ಹಿತ್ತಲಿನ ಕೆಲಸದಿಂದ ತೋರಿಸಿರಿ.
೪. ನಮ್ಮ ಸಭೆಯಲ್ಲಿ ನೆರಳಿನಲ್ಲಿ ನಿಂತಿರುವವರು ಯಾರು? ಅವರಿಗೆ ಯಾವ ಕೆಲಸವನ್ನು ಒಪ್ಪಿಸಬಹುದು?
೫. ಈ ವರುಷ ನೀನು ಯಾರಿಗಾಗಿ ಬೇಡುವಿ? ಅವರ ಮನೆಗೆ ಯಾವ ದಿನ ಹೋಗುವಿ?